ಹಲ್ಲು ಎಣಿಸುವ ಕಾರು: ಸ್ಪೀಡ್ ಸೆನ್ಸರ್ ಮತ್ತು ಕ್ರೂಸ್ ಕಂಟ್ರೋಲ್

ಕಾರಿಗೆ ತನ್ನ ವೇಗ ನೇರವಾಗಿ ಗೊತ್ತಾಗುವುದಿಲ್ಲ. ಅದಕ್ಕೆ ತಿಳಿಯುವುದು ಚಕ್ರ ಎಷ್ಟು ಬೇಗ ತಿರುಗುತ್ತಿದೆ ಎಂಬುದು ಮಾತ್ರ. ಚಕ್ರದ ಜೊತೆ ಸುತ್ತುವ ಒಂದು ಹಲ್ಲಿನ ಬಳೆ, ಅದರ ಪಕ್ಕದಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ಸೆನ್ಸರ್, ಅದು ಕಳಿಸುವ ಮಿಡಿತಗಳನ್ನು ಎಣಿಸುವ ಒಂದು ಕಂಪ್ಯೂಟರ್. ಮೀಟರಿನಲ್ಲಿ ಕಾಣುವ ಅಂಕಿ ಹುಟ್ಟುವುದು ಇಷ್ಟರಿಂದಲೇ. ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಬ್ರೇಕು, ಆಟೊಮ್ಯಾಟಿಕ್ ಗೇರು, ವೇಗವನ್ನು ತಾನೇ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಇವೆಲ್ಲ ಇದೇ ಎಣಿಕೆಯನ್ನು ನಂಬಿಕೊಂಡು ಕೆಲಸ ಮಾಡುತ್ತವೆ. ಎಣಿಕೆ ಎಲ್ಲಿ ಸರಿ ಬರುತ್ತದೆ, ಎಲ್ಲಿ ಹಾದಿ ತಪ್ಪುತ್ತದೆ ಎಂದು ತಿಳಿದವರಿಗೆ ಕ್ರೂಸ್ ಕಂಟ್ರೋಲ್ ಗುಂಡಿಯನ್ನು ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಕೇಬಲ್ ಇದ್ದ ಕಾಲ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಮಾರುತಿ 800 ಓಡಿಸಿದವರಿಗೆ ಸ್ಪೀಡೋಮೀಟರ್ ಕೇಬಲ್ ಗೊತ್ತು. ಗೇರ್‌ಬಾಕ್ಸಿನ ಹೊರಬರುವ ಶಾಫ್ಟಿಗೆ ಒಂದು ಪುಟ್ಟ ಗೇರು; ಅದಕ್ಕೆ ಸಿಕ್ಕಿಸಿದ, ಬಾಗಬಲ್ಲ ಉಕ್ಕಿನ ಕೇಬಲ್ಲು ಡ್ಯಾಶ್‌ಬೋರ್ಡಿನವರೆಗೆ ಬಂದು ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತಿತ್ತು. ಅಯಸ್ಕಾಂತದ ಸುತ್ತ ಒಂದು ಅಲ್ಯೂಮಿನಿಯಂ ಬಟ್ಟಲು. ಎರಡಕ್ಕೂ ಸ್ಪರ್ಶವೇ ಇಲ್ಲ. ಆದರೂ ಅಯಸ್ಕಾಂತ ಸುತ್ತಿದಾಗ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ ಬಟ್ಟಲೂ ಅದೇ ದಿಕ್ಕಿಗೆ ಎಳೆಯಲ್ಪಡುತ್ತದೆ. ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಎಳೆತ ಎಷ್ಟು ಜೋರೋ ಮುಳ್ಳು ಅಷ್ಟು ಮೇಲೆ. ಸ್ಟ್ರಾಸ್‌ಬರ್ಗಿನ ಆಟೊ ಶುಲ್ಜೆ 1902ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ಹತ್ತಿರಹತ್ತಿರ ನೂರು ವರ್ಷ ನಡೆಯಿತು.

ಒಳಗಿನ ಗ್ರೀಸ್ ಒಣಗಿದರೆ ಕೇಬಲ್ಲು ಬಿಗಿದು ಬಿಗಿದು ಬಿಡುತ್ತಿತ್ತು, ಮುಳ್ಳು 40ಕ್ಕೂ 60ಕ್ಕೂ ನಡುವೆ ಓಲಾಡುತ್ತಿತ್ತು. ಕೇಬಲ್ ಬಿಚ್ಚಿಟ್ಟು ಗಾಡಿ ಓಡಿಸಿದರೆ ಕಿಲೋಮೀಟರೂ ಏರುತ್ತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವರಿಗೆ ಇದು ಚೆನ್ನಾಗಿಯೇ ಗೊತ್ತಿತ್ತು.

ಅಯಸ್ಕಾಂತ, ಹಲ್ಲು, ಮಿಡಿತ

ಕಂಪ್ಯೂಟರಿಗೆ ತಿರುಗುವ ಕೇಬಲ್ ಬೇಡ, ಎಣಿಸಬಹುದಾದ ವಿದ್ಯುತ್ ಮಿಡಿತ ಬೇಕು. ಅದನ್ನು ಕೊಡುವ ಸೆನ್ಸರುಗಳಲ್ಲಿ ಮುಖ್ಯವಾಗಿ ಎರಡು ಜಾತಿ.

ಮೊದಲನೆಯದರಲ್ಲಿ ಒಂದು ಶಾಶ್ವತ ಅಯಸ್ಕಾಂತ, ಅದಕ್ಕೆ ಸುತ್ತಿದ ತಾಮ್ರದ ತಂತಿಯ ಸುರುಳಿ, ಅಷ್ಟೆ. ಕಬ್ಬಿಣದ ಹಲ್ಲು ಎದುರಿಗೆ ಬಂದಾಗ ಅಯಸ್ಕಾಂತದ ಬಲಕ್ಷೇತ್ರ ಗಟ್ಟಿಯಾಗುತ್ತದೆ, ಹಲ್ಲಿನ ಸಂದು ಬಂದಾಗ ಸಡಿಲವಾಗುತ್ತದೆ. ಈ ಏರಿಳಿತವೇ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಹೊರಗಿನಿಂದ ಕರೆಂಟ್ ಕೊಡುವ ಅಗತ್ಯವಿಲ್ಲ, ಬಿಸಿಗೂ ಕೆಸರಿಗೂ ಬೇಗ ಜಗ್ಗುವುದಿಲ್ಲ. ದೋಷ ಒಂದೇ: ಹಲ್ಲು ನಿಧಾನವಾಗಿ ಸರಿದರೆ ವೋಲ್ಟೇಜ್ ಕ್ಷೀಣಿಸುತ್ತದೆ. ನಡೆಯುವ ವೇಗಕ್ಕೆ ಇಳಿದ ಕಾರು ಇಂಥ ಸೆನ್ಸರಿನ ಲೆಕ್ಕದಲ್ಲಿ ನಿಂತೇ ಬಿಟ್ಟಿರುತ್ತದೆ.

ಎರಡನೆಯದು ಹಾಲ್ ಸೆನ್ಸರ್. ಅಮೆರಿಕದ ಬಾಲ್ಟಿಮೋರಿನಲ್ಲಿ ವಿದ್ಯಾರ್ಥಿಯಾಗಿದ್ದ ಎಡ್ವಿನ್ ಹಾಲ್ 1879ರಲ್ಲಿ ಒಂದು ಸಂಗತಿ ಕಂಡುಕೊಂಡರು. ವಿದ್ಯುತ್ ಹರಿಯುತ್ತಿರುವ ತೆಳು ತಗಡಿನ ಮುಂದೆ ಅಯಸ್ಕಾಂತ ಹಿಡಿದರೆ ಹರಿವಿಗೆ ಅಡ್ಡಲಾಗಿ, ತಗಡಿನ ಎರಡು ಅಂಚುಗಳ ನಡುವೆ, ಸಣ್ಣ ವೋಲ್ಟೇಜ್ ಕಾಣಿಸಿಕೊಳ್ಳುತ್ತದೆ. ಇದು ಅಯಸ್ಕಾಂತ ಎಷ್ಟು ಬೇಗ ಸರಿಯಿತು ಎಂಬುದನ್ನು ಅವಲಂಬಿಸಿಲ್ಲ, ಅದು ಎದುರಿಗಿದೆಯೋ ಇಲ್ಲವೋ ಎಂಬುದಷ್ಟೇ ಮುಖ್ಯ. ಹಾಗಾಗಿ ಚಕ್ರ ಎಷ್ಟೇ ಮೆಲ್ಲಗೆ ತಿರುಗಲಿ, ಹಾಲ್ ಸೆನ್ಸರ್ ಪ್ರತಿ ಹಲ್ಲಿಗೂ ಒಂದು ಅಚ್ಚುಕಟ್ಟಾದ ಮಿಡಿತ ಕೊಡುತ್ತದೆ. ಇದಕ್ಕೆ ಮಾತ್ರ ಹೊರಗಿನಿಂದ ಕರೆಂಟ್ ಬೇಕು. ಈಚಿನ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಇದು, ಇಲ್ಲವೇ ಇದರ ಹತ್ತಿರದ ಸಂಬಂಧಿಯಾದ, ಅಯಸ್ಕಾಂತ ಬಂದಾಗ ವಿದ್ಯುತ್ ರೋಧ ಬದಲಾಗುವ ಸೆನ್ಸರು. ಎಷ್ಟೋ ಕಡೆ ಕಬ್ಬಿಣದ ಹಲ್ಲೂ ಮಾಯವಾಗಿದೆ. ಚಕ್ರದ ಬೇರಿಂಗಿನ ಸೀಲಿನಲ್ಲೇ ಉತ್ತರ, ದಕ್ಷಿಣ ಧ್ರುವಗಳನ್ನು ಒಂದಾದ ಮೇಲೊಂದರಂತೆ ಅಚ್ಚೊತ್ತಿದ ಅಯಸ್ಕಾಂತದ ಪಟ್ಟಿ ಇರುತ್ತದೆ. ಬರಿಗಣ್ಣಿಗೆ ಅದು ಬರೇ ಕಪ್ಪು ರಬ್ಬರಿನಂತೆ ಕಾಣುತ್ತದೆ.

ಸೆನ್ಸರ್ ಕೂರುವ ಜಾಗವೂ ಬದಲಾಗಿದೆ. ಮೊದಲು ಗೇರ್‌ಬಾಕ್ಸಿನಲ್ಲಿ ಒಂದೇ ಇರುತ್ತಿತ್ತು. 1978ರಲ್ಲಿ ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್ ಕಾರಿಗೆ ಬಂದ ನಂತರ ಚಕ್ರಗಳಿಗೇ ಸೆನ್ಸರ್ ಹಾಕುವ ಕ್ರಮ ಹರಡಿತು. ಯಾವ ಚಕ್ರ ಲಾಕ್ ಆಗುತ್ತಿದೆ ಎಂದು ತಿಳಿಯಬೇಕಾದರೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಎಣಿಸಲೇಬೇಕು. ಈಗ ನಾಲ್ಕೂ ಚಕ್ರಗಳ ಲೆಕ್ಕ ಎಬಿಎಸ್ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಕಾರಿನೊಳಗಿನ ಡೇಟಾ ತಂತಿಯ ಮೂಲಕ ಮೀಟರಿಗೂ ಎಂಜಿನ್ನಿಗೂ ಹಂಚಿಕೆಯಾಗುತ್ತದೆ.

ಎಣಿಕೆಯಿಂದ ಕಿಲೋಮೀಟರಿಗೆ

ಲೆಕ್ಕ ಹೈಸ್ಕೂಲಿನದು. 185/65 ಆರ್15 ಟೈರ್ ತೆಗೆದುಕೊಳ್ಳಿ. ರಿಮ್ಮಿನ ವ್ಯಾಸ 15 ಇಂಚು, ಅಂದರೆ 381 ಮಿಲಿಮೀಟರ್. ಟೈರಿನ ಪಕ್ಕದ ಗೋಡೆ 185ರ ಶೇ. 65, ಅದು ಮೇಲೂ ಕೆಳಗೂ ಸೇರಿ 240.5 ಮಿ.ಮೀ. ಒಟ್ಟು ವ್ಯಾಸ 621.5 ಮಿ.ಮೀ., ಸುತ್ತಳತೆ ಸುಮಾರು 1.95 ಮೀಟರ್. ಬಳೆಯಲ್ಲಿ 48 ಹಲ್ಲುಗಳಿದ್ದರೆ ಒಂದೊಂದು ಹಲ್ಲೂ ರಸ್ತೆಯ ಮೇಲೆ ನಾಲ್ಕು ಸೆಂಟಿಮೀಟರಿಗೆ ಸಮ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 27.8 ಮೀಟರ್ ಸಾಗುತ್ತದೆ, ಚಕ್ರ ಹದಿನಾಲ್ಕಕ್ಕಿಂತ ತುಸು ಹೆಚ್ಚು ಸುತ್ತು ಹಾಕುತ್ತದೆ, ಸೆನ್ಸರ್ ಸುಮಾರು 680 ಮಿಡಿತ ಕಳಿಸುತ್ತದೆ.

ಇಲ್ಲಿ ಸುತ್ತಳತೆಯ ಅಂಕಿಯನ್ನು ಯಾರೂ ಅಳೆಯುತ್ತಿಲ್ಲ. ಕಾರ್ಖಾನೆಯಲ್ಲಿ ಒಮ್ಮೆ ಬರೆದಿಟ್ಟದ್ದನ್ನೇ ಕಂಪ್ಯೂಟರ್ ಕೊನೆಯವರೆಗೂ ಗುಣಿಸುತ್ತಿರುತ್ತದೆ. ಕಾರು ಎತ್ತರವಾಗಿ ಕಾಣಲಿ ಎಂದು ಅದೇ ರಿಮ್ಮಿಗೆ 205/65 ಟೈರ್ ಹಾಕಿಸಿದರೆ ವ್ಯಾಸ 647.5 ಮಿ.ಮೀ. ಆಗುತ್ತದೆ, ಹೆಚ್ಚುವರಿ ಶೇ. 4ಕ್ಕೂ ಮೇಲೆ. ಲೆಕ್ಕದಲ್ಲಿ 100 ಎಂದು ಬಂದಾಗ ಕಾರು ನಿಜಕ್ಕೂ 104ರಲ್ಲಿರುತ್ತದೆ. ಸರ್ವೀಸಿಗೆ ಕೊಡಬೇಕಾದ 10,000 ಕಿ.ಮೀ. ತೋರಿಸುವ ಹೊತ್ತಿಗೆ 10,400 ದಾಟಿರುತ್ತದೆ. ಟೈರ್ ಸವೆದಾಗ ಇದರ ತಿರುವುಮುರುವು: ಎಂಟು ಮಿಲಿಮೀಟರ್ ಇದ್ದ ಗ್ರಿಪ್ಪು 1.6ಕ್ಕೆ ಇಳಿದರೆ ಚಕ್ರ ಶೇ. 2ರಷ್ಟು ಕಿರಿದಾಗುತ್ತದೆ, ಮೀಟರ್ ಅಷ್ಟು ಹೆಚ್ಚು ತೋರಿಸುತ್ತದೆ.

ಈ ದೋಷವನ್ನೇ ಎಂಜಿನಿಯರುಗಳು ಉಪಯೋಗಕ್ಕೂ ಹಚ್ಚಿದ್ದಾರೆ. ಒಂದು ಟೈರಿನ ಗಾಳಿ ಇಳಿದರೆ ಆ ಚಕ್ರ ಉಳಿದ ಮೂರಕ್ಕಿಂತ ಸ್ವಲ್ಪ ಬೇಗ ಸುತ್ತಬೇಕಾಗುತ್ತದೆ. ಈ ವ್ಯತ್ಯಾಸ ಹಿಡಿದು, ಟೈರಿನೊಳಗೆ ಯಾವ ಸೆನ್ಸರೂ ಇಲ್ಲದೆ, ಗಾಳಿ ಕಡಿಮೆ ಎಂದು ಎಚ್ಚರಿಸುವ ಕಾರುಗಳಿವೆ. ಸೆನ್ಸರುಗಳ ಈ ಇಡೀ ಸಂಸಾರದಲ್ಲಿ ನನಗೆ ತುಂಬ ಜಾಣತನದ್ದು ಅನ್ನಿಸುವುದು ಇದೇ.

ಮೀಟರ್ ಹೇಳುವ ಸಣ್ಣ ಸುಳ್ಳು

ಮೊಬೈಲಿನ ಮ್ಯಾಪಿನಲ್ಲಿ 95, ಕಾರಿನಲ್ಲಿ 100. ಎಷ್ಟೋ ಜನ ಗಮನಿಸಿ, ಮೊಬೈಲೇ ತಪ್ಪಿರಬೇಕು ಎಂದು ಬಿಟ್ಟಿರುತ್ತಾರೆ. ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಸಾಮಾನ್ಯವಾಗಿ ಮೊಬೈಲೇ ಹೆಚ್ಚು ಸರಿ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ಯಾವತ್ತೂ ನಿಜ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸಬಹುದು; ಕಾರುಗಳ ಮಟ್ಟಿಗೆ ನಿಜ ವೇಗದ ಶೇ. 10 ಮತ್ತು ಅದರ ಮೇಲೆ 4 ಕಿ.ಮೀ.ವರೆಗೆ. ಟೈರು ಹೊಸದಿರಲಿ ಸವೆದಿರಲಿ, ಗಾಳಿ ಹೆಚ್ಚಿರಲಿ ಕಡಿಮೆಯಿರಲಿ, ಕಡಿಮೆ ತೋರಿಸಿತು ಎಂಬ ಮಾತು ಬರಬಾರದಲ್ಲ! ಕಂಪನಿಗಳು ಮುಳ್ಳನ್ನು ಬೇಕೆಂದೇ ಸ್ವಲ್ಪ ಮೇಲೆ ಇಡುತ್ತವೆ. ಒಳಗಿನ ಕಂಪ್ಯೂಟರಿನ ಲೆಕ್ಕಕ್ಕೂ ಕಣ್ಣೆದುರಿನ ಮುಳ್ಳಿಗೂ ಹೀಗೆ ಅಂತರ ಇರುತ್ತದೆ.

ಟೀಟರ್ ಅವರ ಕಿರಿಕಿರಿ

ವೇಗವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಯಂತ್ರ ಕಾರಿಗಿಂತ ಹಳೆಯದು. ಜೇಮ್ಸ್ ವಾಟ್ 1788ರಲ್ಲೇ ತಮ್ಮ ಉಗಿಯಂತ್ರಕ್ಕೆ ಸುತ್ತುವ ಎರಡು ಗುಂಡುಗಳ ಗವರ್ನರ್ ಜೋಡಿಸಿದ್ದರು. ಯಂತ್ರ ಜೋರಾದರೆ ಗುಂಡುಗಳು ಹೊರಕ್ಕೆ ಚಿಮ್ಮಿ ಉಗಿಯ ಬಾಗಿಲನ್ನು ಮುಚ್ಚುತ್ತಿದ್ದವು. ಅದನ್ನು ಕಾರಿಗೆ ಒಗ್ಗಿಸಿದ ಕೀರ್ತಿ ರಾಲ್ಫ್ ಟೀಟರ್ ಅವರದು.

ಟೀಟರ್ ಹುಟ್ಟಿದ್ದು 1890ರಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದ ಹೇಗರ್ಸ್‌ಟೌನಿನಲ್ಲಿ. ಐದು ವರ್ಷದವರಿದ್ದಾಗ ಚಾಕು ತಾಗಿ ಒಂದು ಕಣ್ಣು ಹೋಯಿತು, ಸ್ವಲ್ಪ ಸಮಯದಲ್ಲೇ ಇನ್ನೊಂದೂ ಹೋಯಿತು. ಆದರೂ 1912ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ಪಿಸ್ಟನ್ ರಿಂಗ್ ತಯಾರಿಸುವ ಪರ್ಫೆಕ್ಟ್ ಸರ್ಕಲ್ ಕಂಪನಿಯನ್ನು ನಡೆಸಿದರು, 1936ರಲ್ಲಿ ಅಮೆರಿಕದ ವಾಹನ ಎಂಜಿನಿಯರುಗಳ ಸಂಘಕ್ಕೆ ಅಧ್ಯಕ್ಷರೂ ಆದರು. ಅವರ ವಕೀಲರೊಬ್ಬರಿಗೆ ಕಾರು ಓಡಿಸುವಾಗ ಮಾತಾಡುವ ಚಾಳಿ. ತಾವು ಮಾತಾಡುವಾಗ ನಿಧಾನ, ಟೀಟರ್ ಮಾತು ಕೇಳುವಾಗ ಜೋರು. ಪಕ್ಕದಲ್ಲಿ ಕೂತ ಟೀಟರ್ ಅವರಿಗೆ ಈ ಜಗ್ಗಾಟ ಸಾಕಾಗಿಹೋಗಿ, ಇದಕ್ಕೊಂದು ಪರಿಹಾರ ಹುಡುಕಬೇಕು ಎಂದುಕೊಂಡರಂತೆ. ಕಣ್ಣಿದ್ದವರು ಕಿಟಕಿಯಾಚೆ ನೋಡುತ್ತಾ ಇಂಥದ್ದನ್ನೆಲ್ಲ ಮರೆತುಬಿಡುತ್ತಾರೆ. ಟೀಟರ್ ಅವರ ಮೈಗೆ ಪ್ರತಿ ಎಳೆತವೂ ತಿಳಿಯುತ್ತಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು, ಟೈರು ಉಳಿಸಲು ಹೇರಿದ್ದ ಗಂಟೆಗೆ 35 ಮೈಲಿಯ ಮಿತಿಯೂ ಈ ಯೋಚನೆಗೆ ಇಂಬು ಕೊಟ್ಟಿತು.

1950ರಲ್ಲಿ ಸಿಕ್ಕ ಅವರ ಪೇಟೆಂಟು ಇಂದಿನ ಕ್ರೂಸ್ ಕಂಟ್ರೋಲಿನ ಹಾಗಿರಲಿಲ್ಲ. ಗೊತ್ತುಮಾಡಿದ ವೇಗ ತಲುಪುತ್ತಲೇ ಆಕ್ಸಿಲರೇಟರ್ ಪೆಡಲ್ಲು ಚಾಲಕನ ಕಾಲನ್ನು ಹಿಂದಕ್ಕೆ ತಳ್ಳುತ್ತಿತ್ತು, ಇನ್ನು ಸಾಕು ಎಂಬಂತೆ. ಕಾಲು ತೆಗೆದರೂ ವೇಗವನ್ನು ಹಿಡಿದಿಡುವ ಏರ್ಪಾಟು ಆಮೇಲೆ ಸೇರಿಕೊಂಡಿತು. 1958ರ ಮಾದರಿಯ ಕ್ರೈಸ್ಲರ್ ಕಾರುಗಳಲ್ಲಿ ಇದು ಆಟೊ ಪೈಲಟ್ ಎಂಬ ಹೆಸರಿನಲ್ಲಿ ಬಂತು. ಕ್ರೂಸ್ ಕಂಟ್ರೋಲ್ ಎಂದು ಕರೆದದ್ದು ಕ್ಯಾಡಿಲಾಕ್. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಾದ್ಯಂತ 55 ಮೈಲಿಯ ಮಿತಿ ಬಂದಾಗ ಜನ ಇದರತ್ತ ಇನ್ನಷ್ಟು ತಿರುಗಿದರು.

ಬೇಕಾದ ವೇಗ, ಇರುವ ವೇಗ

ಸೆಟ್ ಗುಂಡಿ ಒತ್ತಿದ ಕ್ಷಣದ ವೇಗವನ್ನು ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಅದರ ಕೆಲಸ ಒಂದೇ: ಸೆಕೆಂಡಿಗೆ ಹಲವು ಬಾರಿ ಸೆನ್ಸರಿನ ಲೆಕ್ಕವನ್ನು ಆ ನೆನಪಿನಿಂದ ಕಳೆಯುವುದು, ಬಂದ ವ್ಯತ್ಯಾಸಕ್ಕೆ ತಕ್ಕಂತೆ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಗಿಲನ್ನು ತೆರೆಯುವುದು ಅಥವಾ ಮುಚ್ಚುವುದು. ಹಿಂದೆ ಈ ಬಾಗಿಲನ್ನು ಎಳೆಯಲು ಎಂಜಿನ್ನಿನ ನಿರ್ವಾತ ಬಳಸುವ ಒಂದು ಡಬ್ಬಿ, ಅದಕ್ಕೊಂದು ಕೇಬಲ್ ಇರುತ್ತಿತ್ತು. ಈಗ ಆಕ್ಸಿಲರೇಟರ್ ಪೆಡಲ್ಲಿಗೂ ಥ್ರಾಟಲ್ಲಿಗೂ ನಡುವೆ ವಿದ್ಯುತ್ ತಂತಿ ಮಾತ್ರ ಇದೆ, ಬಾಗಿಲನ್ನು ಪುಟ್ಟ ಮೋಟರ್ ತಿರುಗಿಸುತ್ತದೆ. ಅದಕ್ಕೇ ಸಾಧಾರಣ ಬೆಲೆಯ ಕಾರುಗಳಿಗೂ ಕ್ರೂಸ್ ಕಂಟ್ರೋಲ್ ಬಂದಿದೆ. ಕಂಪನಿ ಹೊಸದಾಗಿ ಹಾಕಬೇಕಾದದ್ದು ಹೆಚ್ಚೂಕಡಿಮೆ ಸ್ಟಿಯರಿಂಗ್ ಮೇಲಿನ ಗುಂಡಿಗಳು ಮತ್ತು ಒಂದಿಷ್ಟು ಪ್ರೋಗ್ರಾಂ.

ಕಷ್ಟ ಇರುವುದು ಏರಿನಲ್ಲಿ. 1,200 ಕಿಲೋ ತೂಕದ ಕಾರು ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ 80ರ ವೇಗ ಕಾಯ್ದುಕೊಳ್ಳಲು ಸಮತಟ್ಟಿನಲ್ಲಿ ಬೇಕಾದುದಕ್ಕಿಂತ ಸುಮಾರು 13 ಕಿಲೋವ್ಯಾಟ್, ಎಂದರೆ ಹದಿನೇಳು ಹದಿನೆಂಟು ಅಶ್ವಶಕ್ತಿ, ಹೆಚ್ಚು ಬೇಕು. ವ್ಯತ್ಯಾಸ ಎಷ್ಟಿದೆಯೋ ಅಷ್ಟೇ ಥ್ರಾಟಲ್ ಎಂಬ ಸರಳ ಸೂತ್ರ ಇಟ್ಟುಕೊಂಡರೆ ಒಂದು ಪೇಚು ಬರುತ್ತದೆ. ಹೆಚ್ಚುವರಿ ಶಕ್ತಿ ಸಿಗಬೇಕಾದರೆ ವ್ಯತ್ಯಾಸ ಉಳಿದಿರಲೇಬೇಕು. ಆದ್ದರಿಂದ ಏರು ಮುಗಿಯುವವರೆಗೂ ಕಾರು 80ಕ್ಕೆ ಬರದೆ 76ರಲ್ಲೋ 77ರಲ್ಲೋ ನಿಂತುಬಿಡುತ್ತದೆ.

ಇದಕ್ಕೆ ಮದ್ದು ಬಾಕಿಯ ಲೆಕ್ಕ ಇಡುವುದು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ದಿನದಿನದ ಸಣ್ಣ ಬಾಕಿ ಸೇರುತ್ತಾ ಹೋಗುವಂತೆ ಕ್ಷಣಕ್ಷಣದ ಕೊರತೆಯನ್ನು ಕಂಪ್ಯೂಟರ್ ಕೂಡುತ್ತಾ ಹೋಗುತ್ತದೆ. ಒಟ್ಟು ಬೆಳೆದಷ್ಟೂ ಥ್ರಾಟಲ್ ಇನ್ನಷ್ಟು ತೆರೆಯುತ್ತದೆ, ಕೊರತೆ ಸೊನ್ನೆಯಾಗುವವರೆಗೆ. ಇದರಲ್ಲೂ ಅಪಾಯವಿದೆ. ಉದ್ದನೆಯ ಏರಿನಲ್ಲಿ ಎಂಜಿನ್ ಪೂರ್ತಿ ಶಕ್ತಿ ಹಾಕಿಯೂ ಸೋಲುತ್ತಿದ್ದರೆ ಬಾಕಿ ಬೆಟ್ಟದಷ್ಟಾಗುತ್ತದೆ. ನೆತ್ತಿ ದಾಟಿದ ಮೇಲೂ ಅದನ್ನೆಲ್ಲ ತೀರಿಸಲು ಹೊರಟರೆ ಕಾರು 80 ಮೀರಿ ನುಗ್ಗುತ್ತದೆ. ಆದ್ದರಿಂದ ಬಾಕಿಗೆ ಒಂದು ಮಿತಿ ಹಾಕಿರುತ್ತಾರೆ. ವೇಗ ಯಾವ ಕಡೆಗೆ, ಎಷ್ಟು ಬೇಗ ಬದಲಾಗುತ್ತಿದೆ ಎಂಬ ಮೂರನೇ ಲೆಕ್ಕವನ್ನೂ ಸೇರಿಸುವುದುಂಟು. ಈ ಮೂರನ್ನು ಯಾವ ಪ್ರಮಾಣದಲ್ಲಿ ಬೆರೆಸಬೇಕು ಎಂಬುದರ ಮೇಲೆ ಕಾರಿನ ಸ್ವಭಾವ ನಿಲ್ಲುತ್ತದೆ. ಒಂದು ಕಾರು ಏರು ಕಂಡೊಡನೆ ಗೇರು ಇಳಿಸಿ ಅರಚುತ್ತದೆ, ಇನ್ನೊಂದು ಎರಡು ಕಿಲೋಮೀಟರ್ ವೇಗ ಬಿಟ್ಟುಕೊಟ್ಟು ಸುಮ್ಮನೆ ಹತ್ತುತ್ತದೆ. ನನ್ನ ಓಟು ಎರಡನೆಯದಕ್ಕೆ.

ಹಾಗೆಯೇ, ಕ್ರೂಸ್ ಕಂಟ್ರೋಲ್ ಯಾವಾಗಲೂ ಇಂಧನ ಉಳಿಸುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಚಿತ್ರದುರ್ಗ–ದಾವಣಗೆರೆ ನಡುವಿನಂಥ ತೆರವಾದ ಹೆದ್ದಾರಿಯಲ್ಲಿ, ಕಾಲಿನ ಜಗ್ಗಾಟ ತಪ್ಪುವುದರಿಂದ, ಉಳಿಸುತ್ತದೆ. ಮೇಲಿಂದ ಮೇಲೆ ಏರಿಳಿತವಿರುವಲ್ಲಿ ಏರಿನಲ್ಲಿ ವೇಗ ಬಿಟ್ಟು ಇಳಿತದಲ್ಲಿ ಹಿಡಿಯುವ ಹಳೇ ಡ್ರೈವರಿನ ಕಾಲೇ ಮೇಲು.

ಇಳಿಜಾರು ಮತ್ತು ಮಳೆ

ಸಾದಾ ಕ್ರೂಸ್ ಕಂಟ್ರೋಲಿನ ಕೈಯಲ್ಲಿರುವುದು ಥ್ರಾಟಲ್ ಮಾತ್ರ, ಬ್ರೇಕ್ ಇಲ್ಲ. ಕಡಿದಾದ ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿದರೂ ಕಾರು ಗೊತ್ತುಮಾಡಿದ ವೇಗ ಮೀರುತ್ತದೆ. ಕೆಲವು ಹೊಸ ಕಾರುಗಳು ತಾವೇ ಬ್ರೇಕ್ ಹಾಕುತ್ತವೆ ಅಥವಾ ಗೇರ್ ಇಳಿಸುತ್ತವೆ. ವಿದ್ಯುತ್ ಕಾರಿನಲ್ಲಿ ಮೋಟರೇ ಜನರೇಟರ್ ಆಗಿ ಕಾರನ್ನು ಹಿಡಿಯುವುದರಿಂದ ಈ ತೊಂದರೆ ಕಡಿಮೆ. ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ ಯಾವ ಕಾರಿನಲ್ಲೂ ಇದನ್ನು ಹಾಕುವ ಮಾತೇ ಬೇಡ. ತಿರುವು ಎದುರಾಗುತ್ತಿದೆ ಎಂದು ಹಲ್ಲು ಎಣಿಸುವವನಿಗೆ ಗೊತ್ತಾಗುವುದಿಲ್ಲ.

ಮಳೆಯ ಕಥೆ ಇನ್ನೂ ಗಂಭೀರ. ರಸ್ತೆ ಮೇಲೆ ನೀರು ನಿಂತಾಗ ಟೈರು ನೀರಿನ ಪದರದ ಮೇಲೇರಿ ನೆಲದ ಹಿಡಿತ ಕಳೆದುಕೊಳ್ಳಬಹುದು. ಆ ಹೊತ್ತಿಗೆ ಚಕ್ರದ ವೇಗವೇ ಬೇರೆ, ಕಾರಿನ ವೇಗವೇ ಬೇರೆ. ಎಬಿಎಸ್ ಕಂಪ್ಯೂಟರ್ ನಾಲ್ಕು ಚಕ್ರಗಳನ್ನು ಹೋಲಿಸಿ ಜಾರುವಿಕೆಯನ್ನು ಹಿಡಿಯಬಲ್ಲದು, ಹಿಡಿದೊಡನೆ ಹೊಸ ಕಾರುಗಳು ಕ್ರೂಸನ್ನು ಬಿಡಿಸುತ್ತವೆ. ಆದರೆ ಜಾರಿದ ಮೇಲಷ್ಟೇ ಅದಕ್ಕೆ ತಿಳಿಯುವುದು. ನೀರು ಕಂಡ ಚಾಲಕ ಅದಕ್ಕಿಂತ ಮುಂಚೆಯೇ ಆಕ್ಸಿಲರೇಟರಿನಿಂದ ಕಾಲು ಎತ್ತಿರುತ್ತಾನೆ; ಕ್ರೂಸ್ ಹಾಕಿ ಕಾಲು ಮಡಚಿ ಕೂತವನಿಗೆ ಎತ್ತಲು ಕಾಲೇ ಅಲ್ಲಿರುವುದಿಲ್ಲ.

ಬಿಡಿಸುವ ಸ್ವಿಚ್ಚು

ಬ್ರೇಕ್ ಪೆಡಲ್ ಮುಟ್ಟಿದರೆ ಕ್ರೂಸ್ ಬಿಡುಗಡೆಯಾಗಲೇಬೇಕು. ಒಂದು ಸ್ವಿಚ್ ಕೈಕೊಟ್ಟರೆ ಇನ್ನೊಂದಿರಲಿ ಎಂದು ಪೆಡಲ್ಲಿಗೆ ಎರಡು ಬೇರೆಬೇರೆ ಸಂಪರ್ಕ ಇಟ್ಟಿರುತ್ತಾರೆ. ಕ್ಲಚ್ ಒತ್ತಿದರೂ ಬಿಡುತ್ತದೆ, ಇಲ್ಲವಾದರೆ ಹೊರೆ ಕಳಚಿದ ಎಂಜಿನ್ ಕಿರುಚಿಕೊಳ್ಳುತ್ತಿತ್ತು. ವೇಗ 30, 40ಕ್ಕಿಂತ ಕೆಳಗಿದ್ದರೆ ಸಾದಾ ಕ್ರೂಸ್ ಶುರುವೇ ಆಗುವುದಿಲ್ಲ.

ಇಂಥ ರಕ್ಷಣೆಯ ಸ್ವಿಚ್ಚೇ ಅಪಾಯವಾದದ್ದೂ ಉಂಟು. ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಹಲವು ಮಾದರಿಗಳಲ್ಲಿ ಕ್ರೂಸ್ ಬಿಡಿಸುವ ಒಂದು ಸ್ವಿಚ್ಚನ್ನು ಬ್ರೇಕ್ ಆಯಿಲ್ ಒತ್ತಡದಿಂದ ಕೆಲಸ ಮಾಡುವಂತೆ ಇಟ್ಟಿದ್ದರು. ಒಳಗಿನ ತೆಳು ಪೊರೆ ಬಿರುಕು ಬಿಟ್ಟಾಗ ಆಯಿಲ್ಲು ವಿದ್ಯುತ್ ಭಾಗಕ್ಕೆ ಸೋರುತ್ತಿತ್ತು. ಸ್ವಿಚ್ಚಿಗೆ ಸದಾ ಕರೆಂಟ್ ಇದ್ದ ಕಾರಣ, ಬೀಗ ಹಾಕಿ ನಿಲ್ಲಿಸಿದ ಗಾಡಿಗೂ ಬೆಂಕಿ ಬೀಳುತ್ತಿತ್ತು. 1999ರಿಂದ 2009ರವರೆಗೆ ಕಂತುಕಂತಾಗಿ ಒಂದು ಕೋಟಿಗೂ ಹೆಚ್ಚು ವಾಹನಗಳನ್ನು ವಾಪಸು ಕರೆಸಬೇಕಾಯಿತು.

ರಿಸ್ಯೂಮ್ ಗುಂಡಿಯ ಬಗ್ಗೆ ಒಂದು ಎಚ್ಚರ. ಹೆದ್ದಾರಿಯಲ್ಲಿ 100ಕ್ಕೆ ಇಟ್ಟಿದ್ದು ಕಂಪ್ಯೂಟರಿನ ನೆನಪಿನಲ್ಲಿ ಹಾಗೇ ಇರುತ್ತದೆ. ಸರ್ವೀಸ್ ರಸ್ತೆಗೆ ಇಳಿದ ಮೇಲೆ ಮರೆತು ರಿಸ್ಯೂಮ್ ಒತ್ತಿದರೆ ಕಾರು ಆ 100ನ್ನೇ ಅಟ್ಟಿಸಿಕೊಂಡು ಹೊರಡುತ್ತದೆ.

ಕ್ರೂಸ್ ನಂಬುವ ವೇಗದ ಸೆನ್ಸರಿನ ಲೆಕ್ಕ ಇನ್ನೆರಡು ಕಡೆ ನಮಗೆ ಪರಿಚಿತ. 2019ರ ಜುಲೈನಿಂದ ಭಾರತದ ಹೊಸ ಕಾರುಗಳಲ್ಲಿ 80 ದಾಟಿದರೆ ಆಗಾಗ, 120 ದಾಟಿದರೆ ಬಿಡದೆ ಕೂಗುವ ಎಚ್ಚರಿಕೆ ಕಡ್ಡಾಯವಾಯಿತು. ಲಾರಿ, ಬಸ್ಸುಗಳ ವೇಗ ನಿಯಂತ್ರಕವೂ ವೇಗದ ಇಂಥದೇ ಲೆಕ್ಕ ನೋಡಿ ಎಂಜಿನ್ನಿಗೆ ಕಡಿವಾಣ ಹಾಕುತ್ತದೆ.

ಮುಂದಿನ ಗಾಡಿಯನ್ನು ಗಮನಿಸುವ ಕ್ರೂಸ್

ತನ್ನ ವೇಗದ ಜೊತೆಗೆ ಮುಂದಿನ ವಾಹನದ ದೂರವನ್ನೂ ನೋಡಿಕೊಂಡು ಹೋಗುವುದು ಅಡಾಪ್ಟಿವ್ ಕ್ರೂಸ್ ಕಂಟ್ರೋಲ್. ಮಿತ್ಸುಬಿಶಿ 1995ರಲ್ಲಿ ಲೇಸರ್ ಬಳಸಿ ಇದನ್ನು ಮಾಡಿತು, ಬ್ರೇಕ್ ಹಾಕುವ ಶಕ್ತಿ ಅದಕ್ಕಿರಲಿಲ್ಲ. 1999ರಲ್ಲಿ ಮರ್ಸಿಡಿಸ್ ರಾಡಾರ್ ತಂದಿತು. ಈಗಿನ ಕಾರುಗಳ ರಾಡಾರ್ ಸುಮಾರು 77 ಗಿಗಾಹರ್ಟ್ಸ್ ಅಲೆ ಬಿಡುತ್ತದೆ, ಅಲೆಯ ಉದ್ದ ನಾಲ್ಕು ಮಿಲಿಮೀಟರಿಗೂ ಕಡಿಮೆ. ಇಂಥ ಮಿಲಿಮೀಟರ್ ಅಲೆಗಳನ್ನು 1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸ್ ತಮ್ಮ ಕೈಯಾರೆ ಮಾಡಿದ ಉಪಕರಣಗಳಿಂದ ಹುಟ್ಟಿಸಿ ತೋರಿಸಿದ್ದರು.

ಮರಳಿ ಬಂದ ಅಲೆಯ ಆವರ್ತನ ಎಷ್ಟು ಬದಲಾಗಿದೆ ಎಂಬುದರಿಂದ ಮುಂದಿನ ಗಾಡಿ ನಮಗಿಂತ ಎಷ್ಟು ನಿಧಾನ ಎಂದು ರಾಡಾರಿಗೆ ಒಂದೇ ಏಟಿಗೆ ತಿಳಿಯುತ್ತದೆ. ಅದರ ನಿಜ ವೇಗ ಬೇಕಾದರೆ ಮಾತ್ರ ತನ್ನ ವೇಗವನ್ನು ಕೂಡಿಸಬೇಕು. ಆ ಅಂಕಿಗಾಗಿ ಮತ್ತೆ ಚಕ್ರದ ಹಲ್ಲಿನ ಬಳಿಗೇ ಬರಬೇಕು. ಬಿಟ್ಟುಕೊಳ್ಳುವ ಅಂತರವನ್ನು ಮೀಟರಿನಲ್ಲಲ್ಲ, ಸೆಕೆಂಡಿನಲ್ಲಿ ಲೆಕ್ಕ ಹಾಕುತ್ತಾರೆ: 100ರ ವೇಗದಲ್ಲಿ ಎರಡು ಸೆಕೆಂಡ್ ಅಂದರೆ ಸುಮಾರು 55 ಮೀಟರ್. ನಮ್ಮ ಹೆದ್ದಾರಿಯಲ್ಲಿ 55 ಮೀಟರ್ ಖಾಲಿ ಜಾಗ ಎಂದರೆ ಇನ್ನೊಬ್ಬರಿಗೆ ಕೊಟ್ಟ ಆಮಂತ್ರಣ. ಯಾರೋ ನುಗ್ಗುತ್ತಾರೆ, ಕಾರು ಮತ್ತೆ ಹಿಂದೆ ಸರಿದು ಅಂತರ ಮಾಡಿಕೊಳ್ಳುತ್ತದೆ, ಅಲ್ಲಿಗೆ ಮತ್ತೊಬ್ಬರು.

ನಿಂತ ವಸ್ತುಗಳ ಪ್ರಶ್ನೆ ಇದಕ್ಕಿಂತ ದೊಡ್ಡದು. ಫಲಕ, ಸೇತುವೆ, ತಡೆಗೋಡೆ ಎಲ್ಲವೂ ರಾಡಾರಿಗೆ ನಿಂತ ವಸ್ತುಗಳೇ. ಪ್ರತಿಯೊಂದಕ್ಕೂ ಬ್ರೇಕ್ ಹಾಕುತ್ತಾ ಹೋಗಲಾಗದು ಎಂದು ಹಲವು ವ್ಯವಸ್ಥೆಗಳು ಹೆಚ್ಚು ವೇಗದಲ್ಲಿ ನಿಂತದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಕ್ಯಾಮೆರಾ ಜೊತೆಗೂಡಿದ ಮೇಲೆ ಪರಿಸ್ಥಿತಿ ಸುಧಾರಿಸಿದೆ. ಹಾಗಿದ್ದರೂ ನಿಂತ ವಾಹನ ಗುರುತಿಗೆ ಸಿಗದೆ ಹೋಗಬಹುದು ಎಂಬ ಸಾಲು ಕಾರಿನ ಕೈಪಿಡಿಗಳಲ್ಲಿ ಇನ್ನೂ ಇದೆ. ಹಿಂದಿನ ದೀಪವಿಲ್ಲದೆ ಕತ್ತಲಲ್ಲಿ ನಿಂತ ಲಾರಿ, ಎದುರು ದಿಕ್ಕಿನಿಂದ ಬರುವ ಬೈಕು, ರಸ್ತೆ ದಾಟುವ ದನ ಇರುವ ಕಡೆ ಆ ಸಾಲನ್ನು ಓದದೆ ಗುಂಡಿ ಒತ್ತುವುದು ದುಸ್ಸಾಹಸ.

ಗ್ಯಾರೇಜಿನಲ್ಲಿ

ಸೆನ್ಸರ್ ಕೆಟ್ಟಾಗ ಮೀಟರ್ ಸೊನ್ನೆಗೆ ಬೀಳಬಹುದು ಅಥವಾ ಕುಣಿಯಬಹುದು, ಎಬಿಎಸ್ ದೀಪ ಹತ್ತಬಹುದು, ಆಟೊಮ್ಯಾಟಿಕ್ ಗೇರು ಎಲ್ಲೆಂದರಲ್ಲಿ ಬದಲಾಗಬಹುದು. ಕ್ರೂಸ್ ಅಂತೂ ಶುರುವೇ ಆಗುವುದಿಲ್ಲ. ಸ್ಕ್ಯಾನರ್ ಹಾಕಿದರೆ ಪಿ0500ರಂಥ ಕೋಡ್ ಬರುತ್ತದೆ. ಕೋಡ್ ನೋಡಿದ ಕೂಡಲೇ ಸೆನ್ಸರ್ ಬದಲಿಸುವುದು ದುಡ್ಡು ಕಳೆಯುವ ದಾರಿ. ಆ ಕೋಡು ಹೇಳುವುದು ಎಣಿಕೆ ಬರುತ್ತಿಲ್ಲ ಎಂದಷ್ಟೇ. ಚಕ್ರದ ಬಳಿ ಸದಾ ಬಾಗುವ ತಂತಿ ಒಳಗೇ ತುಂಡಾಗಿರಬಹುದು, ಕನೆಕ್ಟರಿನಲ್ಲಿ ನೀರು ಸೇರಿ ಕಿಲುಬು ಹಿಡಿದಿರಬಹುದು, ಇಲಿ ಕಡಿದಿರಬಹುದು, ಸೆನ್ಸರಿನ ತುದಿಗೆ ಕಬ್ಬಿಣದ ಪುಡಿ ಮೆತ್ತಿಕೊಂಡಿರಬಹುದು. ಸುರುಳಿಯ ಸೆನ್ಸರನ್ನು ಮಲ್ಟಿಮೀಟರಿನಿಂದ ರೋಧ ಅಳೆದು ಪರೀಕ್ಷಿಸಬಹುದು. ಹಾಲ್ ಸೆನ್ಸರಿಗೆ ಆ ಪರೀಕ್ಷೆ ಹೊಂದುವುದಿಲ್ಲ, ಕರೆಂಟ್ ಕೊಟ್ಟು ಚಕ್ರ ತಿರುಗಿಸಿಯೇ ನೋಡಬೇಕು.

ಚಕ್ರದ ಬೇರಿಂಗ್ ಹೊಸದಾಗಿ ಹಾಕಿಸಿದ ಮರುದಿನವೇ ಎಬಿಎಸ್ ದೀಪ ಹತ್ತಿದರೆ ಮೊದಲು ಅನುಮಾನಿಸಬೇಕಾದದ್ದು ಬೇರಿಂಗನ್ನೇ. ಅಯಸ್ಕಾಂತದ ಪಟ್ಟಿ ಅದರ ಒಂದು ಮಗ್ಗುಲಲ್ಲಿ ಮಾತ್ರ ಇರುತ್ತದೆ. ನೋಡಲು ಎರಡೂ ಕಡೆ ಒಂದೇ ಥರ ಕಾಣುವುದರಿಂದ ಅವಸರದಲ್ಲಿ ಹಿಂದುಮುಂದಾಗಿ ಪ್ರೆಸ್ ಮಾಡಿಬಿಡುತ್ತಾರೆ. ಚಕ್ರ ಚೆನ್ನಾಗಿಯೇ ತಿರುಗುತ್ತದೆ, ಸೆನ್ಸರಿನ ಎದುರಿಗೆ ಮಾತ್ರ ಎಣಿಸಲು ಏನೂ ಇರುವುದಿಲ್ಲ. ಅದಕ್ಕೇ ಹಾಕುವ ಮೊದಲೇ ಒಂದು ಗುಂಡುಸೂಜಿ ಹಿಡಿದು ಯಾವ ಬದಿ ಎಳೆಯುತ್ತದೆ ಎಂದು ನೋಡಿಕೊಳ್ಳಬೇಕು. ಒಮ್ಮೆ ಪ್ರೆಸ್ ಮಾಡಿದ ಬೇರಿಂಗನ್ನು ಹೊರಗೆ ತೆಗೆದರೆ ಅದು ಮತ್ತೆ ಉಪಯೋಗಕ್ಕೆ ಬರುವುದಿಲ್ಲ, ಇನ್ನೊಂದು ಹೊಸದನ್ನೇ ತರಬೇಕು.